ಸೂಪರ್ ಮಾರ್ಕೆಟ್‌ನ 350 ರೂಪಾಯಿ ಡೈನೋಸಾರ್ ಪ್ಯಾಕೆಟ್: ಬಾಯಿ ಅಲ್ಲ, ಕಾಲು ನೋಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಒಳಗೆ, ಸ್ಟೀಲ್ ಪಾತ್ರೆ ಅಂಗಡಿಗಳನ್ನು ದಾಟಿ ಒಳಗಿನ ಗಲ್ಲಿಗೆ ಹೊರಳಿದರೆ ಒಂದು ಸಣ್ಣ ಆಟಿಕೆ ಅಂಗಡಿ ಸಿಗುತ್ತದೆ. ಮುಂದೆ ಪ್ಲಾಸ್ಟಿಕ್ ಬ್ಯಾಟು, ಚೆಂಡು, ಗಾಳಿ ತುಂಬುವ ಗೊಂಬೆ ಎಲ್ಲ ತೂಗುಹಾಕಿರುತ್ತಾರೆ. ಅದರ ಹಿಂದೆ ಕೂತ ಕಾಕಾ ಕಾಣುವುದೇ ಕಷ್ಟ. ಹೋದ ತಿಂಗಳು ಅಲ್ಲಿ 350 ರೂಪಾಯಿ ಕೊಟ್ಟು ಹನ್ನೆರಡು ಪ್ರಾಣಿಗಳ ಒಂದು ಡೈನೋಸಾರ್ ಪ್ಯಾಕೆಟ್ ತಂದೆ. ಅಕ್ಕನ ಮಗನಿಗೆ ಅಂತ ತಂದದ್ದು, ಅವನಿಗೆ ಏಳು ವರ್ಷ. ಆದರೆ ಅವನ ಕೈಗೆ ಕೊಡುವ ಮೊದಲು ಎರಡು ರಾತ್ರಿ ನಾನೇ ಇಟ್ಟುಕೊಂಡು ಒಂದೊಂದನ್ನೂ ಅಳೆದು, ತೂಗಿ, ತಿರುಗಿಸಿ ನೋಡಿದೆ. ನಮ್ಮ ಕಡೆ ಡೈನೋಸಾರ್ ಅಂದರೆ ಜೀವ ಬಿಡುವ ಮಕ್ಕಳು ಎಷ್ಟೋ ಇದ್ದಾರೆ, ಯಾವ ಗೊಂಬೆ ಸರಿ ಇದೆ ಯಾವುದು ಇಲ್ಲ ಅಂತ ಅವರ ಅಪ್ಪ-ಅವ್ವನಿಗೆ ಕನ್ನಡದಲ್ಲಿ ಹೇಳುವವರು ಕಡಿಮೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಇವನ್ನು ಕೂಡಿಸಲು ಶುರು ಮಾಡಿ ಒಂಬತ್ತು ವರ್ಷ ಆಯಿತು. ಕಪನೂರ ಕಡೆ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ. ತೊಗರಿ ಸ್ಯಾಂಪಲ್ ತೂಗಲು ಅಲ್ಲಿ ಒಂದು ಚಿಕ್ಕ ಎಲೆಕ್ಟ್ರಾನಿಕ್ ಕಾಂಟಾ ಇದೆ, ಗೊಂಬೆಗಳನ್ನು ತೂಗುವುದೂ ಅದರಲ್ಲೇ. ಉದ್ದ ಅಳೆಯಲು ಟೇಲರ್ ಟೇಪು. ಅದನ್ನು ಮೂತಿಯ ತುದಿಯಿಂದ ಬೆನ್ನ ಮೇಲೆ ಹಾಯಿಸಿ ಬಾಲದ ತುದಿಯವರೆಗೆ ಹಿಡಿಯಬೇಕು. ನೆಟ್ಟಗೆ ಸ್ಕೇಲ್ ಇಟ್ಟರೆ ಬಾಲ ಬಾಗಿದ ಗೊಂಬೆ ಸುಮ್ನೆ ಗಿಡ್ಡ ಅನಿಸುತ್ತದೆ.

ಮೊದಲು ಒಂದು ಮಾತು. ಡೈನೋಸಾರ್ ಗೊಂಬೆ ಕೊಳ್ಳುವಾಗ ಎಲ್ಲರೂ ಬಾಯಿ ನೋಡುತ್ತಾರೆ. ಹಲ್ಲು ಚೂಪಾಗಿದೆಯಾ, ನಾಲಿಗೆ ಕೆಂಪಗಿದೆಯಾ, ಬಾಯಿ ತೆರೆದಿದೆಯಾ ಅಂತ. ಮಾಡುವವರಿಗೂ ಇದು ಗೊತ್ತು, ಅದಕ್ಕೆ ಬಾಯಿಗೆ ಮಾತ್ರ ಬಣ್ಣ ಹಾಕಿ ಉಳಿದದ್ದನ್ನು ಹಾಗೇ ಬಿಡುತ್ತಾರೆ. ಗೊಂಬೆಯನ್ನು ತಲೆಕೆಳಗೆ ಮಾಡಿ ಕಾಲು ನೋಡಿ. ಬೆರಳು ಎಷ್ಟಿವೆ, ಉಗುರು ಎಲ್ಲಿವೆ, ಅಂಗಾಲು ಹೇಗಿದೆ? ಮೂಳೆಯ ಚಿತ್ರವನ್ನು ಒಂದು ಸಲವಾದರೂ ನೋಡಿ ಮಾಡಿದವರು ಯಾರು, ಇನ್ನೊಂದು ಗೊಂಬೆ ನೋಡಿ ಮಾಡಿದವರು ಯಾರು ಅಂತ ಅಲ್ಲೇ ಗೊತ್ತಾಗುತ್ತದೆ. ಈ ಒಂಬತ್ತು ವರ್ಷದಲ್ಲಿ ನನ್ನ ಮಟ್ಟಿಗೆ ಇದು ಒಮ್ಮೆಯೂ ಸುಳ್ಳಾಗಿಲ್ಲ.

ಈಗ ಪ್ಯಾಕೆಟ್ ವಿಷಯ. ದಪ್ಪ ಪಾರದರ್ಶಕ ಕವರ್, ಮೇಲೆ ರಟ್ಟಿನ ತಲೆಪಟ್ಟಿ, ಅದರ ಮೇಲೆ ಜ್ವಾಲಾಮುಖಿಯ ಚಿತ್ರ. ಕಂಪನಿ ಹೆಸರು ಹುಡುಕಿದರೂ ಸಿಗುವುದಿಲ್ಲ, ಆದರೆ ಹಿಂದೆ ಐಎಸ್‌ಐ ಗುರುತು ಮತ್ತು ಅದರ ಲೈಸೆನ್ಸ್ ನಂಬರ್ ಇದೆ. ಇದು ದೊಡ್ಡ ವಿಷಯ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆ ನಂಬರನ್ನು, ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ನಿಜವೋ ಸುಳ್ಳೋ ಅಂತ ತೋರಿಸುತ್ತದೆ. ನಾನು ಹಾಕಿ ನೋಡಿದೆ, ನಿಜವೇ ಇತ್ತು. ಶರಣಬಸವೇಶ್ವರ ಜಾತ್ರೆಯಲ್ಲಿ ಹಾಸಿಗೆ ಹಾಸಿ ಬಿಡಿಬಿಡಿಯಾಗಿ ಮಾರುತ್ತಾರಲ್ಲ, ಒಂದಕ್ಕೆ ಇಪ್ಪತ್ತು-ಮೂವತ್ತು ರೂಪಾಯಿಯಂತೆ, ಅವುಗಳಲ್ಲಿ ನಾನು ಕೈಗೆತ್ತಿಕೊಂಡ ಯಾವುದರ ಮೇಲೂ ಈ ಗುರುತು ಇರಲಿಲ್ಲ. ಕೆಲವನ್ನು ಮೂಗಿನ ಹತ್ತಿರ ಹಿಡಿದರೆ ಸೀಮೆಎಣ್ಣೆಯಂಥ ವಾಸನೆ. ಮುಟ್ಟಿದರೆ ಕೈಗೆ ಅಂಟು. ಪಿವಿಸಿ ಪ್ಲಾಸ್ಟಿಕ್ ಮೆತ್ತಗಾಗಲಿ ಅಂತ ಅದರಲ್ಲಿ ಬೇರೆ ರಾಸಾಯನಿಕ ಬೆರೆಸಿರುತ್ತಾರೆ, ಅಗ್ಗದ ಮಾಲಿನಲ್ಲಿ ಅದೇ ನಿಧಾನಕ್ಕೆ ಹೊರಗೆ ಬರುತ್ತದೆ. ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿದ್ದರೆ ದಯವಿಟ್ಟು ಅಂಥದ್ದು ಬೇಡ. ಈ ಪ್ಯಾಕೆಟ್ ತೆಗೆದಾಗ ಹೊಸ ಚಪ್ಪಲಿಯಂಥ ವಾಸನೆ ಇತ್ತು. ಸಾಬೂನು ನೀರಲ್ಲಿ ತೊಳೆದು ಒಂದು ದಿನ ಮಾಳಿಗೆ ಮೇಲೆ ನೆರಳಲ್ಲಿ ಇಟ್ಟ ಮೇಲೆ ಹೋಯಿತು.

ಹನ್ನೆರಡರಲ್ಲಿ ಮೊದಲು ಟಿ-ರೆಕ್ಸ್. ಉದ್ದ 15 ಸೆಂಟಿಮೀಟರ್, ತೂಕ 62 ಗ್ರಾಂ, ಒಳಗೆ ಪೊಳ್ಳು. ಕೈಯಲ್ಲಿ ಮೂರು ಬೆರಳು. ಟಿ-ರೆಕ್ಸ್‌ಗೆ ಇದ್ದದ್ದು ಎರಡೇ ಬೆರಳು, ಇದನ್ನು ಏಳು ವರ್ಷದ ಹುಡುಗನೂ ಹೇಳುತ್ತಾನೆ. ಅಂಗೈ ನೆಲದ ಕಡೆ ತಿರುಗಿವೆ, ಮೊಲ ಎದ್ದು ನಿಂತ ಹಾಗೆ. ಈ ಜಾತಿಯ ಪ್ರಾಣಿಗಳ ಅಂಗೈ ಒಂದಕ್ಕೊಂದು ಎದುರು ಇರುತ್ತಿದ್ದವು, ನಾವು ಚಪ್ಪಾಳೆ ತಟ್ಟುವಾಗ ಹಿಡಿದ ಹಾಗೆ. ಬಾಲ ನೆಲಕ್ಕೆ ಊರಿದೆ, ಮೈ ನೆಟ್ಟಗೆ ಕಂಬದಂತೆ. ಈ ನಿಲುವು ತಪ್ಪು ಅಂತ 1970ರ ದಶಕದಿಂದಲೇ ವಿಜ್ಞಾನಿಗಳು ಒಪ್ಪಲು ಶುರು ಮಾಡಿದ್ದರು. ಬೆನ್ನು ನೆಲಕ್ಕೆ ಅಡ್ಡವಾಗಿ, ಬಾಲ ಹಿಂದಕ್ಕೆ ಚಾಚಿ, ತಕ್ಕಡಿಯ ಎರಡು ತಟ್ಟೆಯಂತೆ ಮುಂದಿನ ಭಾರಕ್ಕೆ ಹಿಂದಿನ ಭಾರ ಸರಿಹೋಗುವಂತೆ ಅದು ನಡೆಯುತ್ತಿತ್ತು. ಗೊಂಬೆ ಮಾಡುವವರು ಬಾಲ ಊರಿಸುವುದಕ್ಕೆ ಒಂದು ಕಾರಣ ಇದೆ, ಅದನ್ನೂ ಹೇಳಬೇಕು. ಎರಡೇ ಕಾಲಿನ ಗೊಂಬೆ ನಿಲ್ಲುವುದು ಕಷ್ಟ, ಬಾಲ ಮೂರನೇ ಕಾಲಾದರೆ ಬೀಳುವುದಿಲ್ಲ. ಆ ಲೆಕ್ಕ ನನಗೆ ಅರ್ಥವಾಗುತ್ತದೆ. ಮೂರನೇ ಬೆರಳು ಮಾತ್ರ ಅರ್ಥವಾಗುವುದಿಲ್ಲ, ಅದಕ್ಕೆ ಪ್ಲಾಸ್ಟಿಕ್ಕೂ ಜಾಸ್ತಿ ಬೇಕು ಅಲ್ವಾ.

ಅಳತೆಯ ಮಾತು ಬಂತು ಅಂತ ಹೇಳುತ್ತೇನೆ. 1990ರಲ್ಲಿ ಅಮೆರಿಕದಲ್ಲಿ ಸಿಕ್ಕ, ಈಗ ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿರುವ ‘ಸೂ’ ಎಂಬ ಟಿ-ರೆಕ್ಸ್ ಅಸ್ಥಿಪಂಜರದ ಉದ್ದ 12.3 ಮೀಟರ್. ಅದನ್ನು 15 ಸೆಂಟಿಮೀಟರ್‌ಗೆ ಇಳಿಸಿದರೆ ಸುಮಾರು ಎಂಬತ್ತರಲ್ಲಿ ಒಂದು ಪಾಲು. ಇದೇ ಪ್ಯಾಕೆಟ್‌ನ ವೆಲೋಸಿರಾಪ್ಟರ್ 10 ಸೆಂಟಿಮೀಟರ್ ಇದೆ. ನಿಜವಾದ ವೆಲೋಸಿರಾಪ್ಟರ್ ಬಾಲ ಸೇರಿ ಎರಡು ಮೀಟರ್ ಆಸುಪಾಸು, ಎತ್ತರಕ್ಕೆ ದೊಡ್ಡ ಕೋಳಿಗಿಂತ ಸ್ವಲ್ಪ ಜಾಸ್ತಿ ಅನ್ನಬಹುದು. ಟಿ-ರೆಕ್ಸ್ ಅಳತೆಯಲ್ಲೇ ಮಾಡಿದ್ದರೆ ಅದು ಎರಡೂವರೆ ಸೆಂಟಿಮೀಟರ್ ಇರಬೇಕಿತ್ತು, ಅರ್ಧ ತೊಗರಿ ಕಾಯಿಯಷ್ಟು. ಉದ್ದ ಕುತ್ತಿಗೆಯದ್ದು 28 ಸೆಂಟಿಮೀಟರ್ ಹತ್ತಿರ ಇರಬೇಕಿತ್ತು, ಇಲ್ಲಿ 16 ಇದೆ. ಎಲ್ಲವನ್ನೂ ಒಂದೇ ಕವರಿಗೆ ತುರುಕುವುದಕ್ಕೆ ಹೀಗೆ ಮಾಡುತ್ತಾರೆ. ಒಂದು ಪ್ಯಾಕೆಟ್‌ನಿಂದ ಇದಕ್ಕಿಂತ ಹೆಚ್ಚು ಕೇಳಲು ಆಗುವುದಿಲ್ಲ, ಆದರೆ ಮಕ್ಕಳಿಗೆ ಹೇಳಿಕೊಡಿ. ನಾನು ನಮ್ಮ ಹುಡುಗನಿಗೆ ಓಣಿಯಲ್ಲಿ ಹನ್ನೆರಡು ಮೀಟರ್ ಹಗ್ಗ ಹಿಡಿದು ತೋರಿಸಿದೆ. ಎರಡು ಮನೆ ದಾಟಿ ಮೂರನೇ ಮನೆಯ ಕಟ್ಟೆಗೆ ಹೋಯಿತು.

ವೆಲೋಸಿರಾಪ್ಟರ್‌ಗೆ ಗರಿ ಇಲ್ಲ, ಹಲ್ಲಿಯ ಚರ್ಮ. ಮಂಗೋಲಿಯಾದಲ್ಲಿ ಸಿಕ್ಕ ಅದರ ಮುಂಗೈ ಮೂಳೆಯ ಮೇಲೆ ಗರಿ ಕೂರುವ ಗುಬಟುಗಳು ಇವೆ ಅಂತ 2007ರಲ್ಲಿ ತೋರಿಸಿದರು, ಈಗಿನ ಎಷ್ಟೋ ಹಕ್ಕಿಗಳ ರೆಕ್ಕೆ ಮೂಳೆಯಲ್ಲಿ ಇರುವಂಥವೇ. ಅದರ ಎರಡನೇ ಕಾಲ್ಬೆರಳಿನ ಕುಡುಗೋಲಿನಂಥ ಉಗುರು ನೆಲಕ್ಕೆ ತಾಗದೆ ಎತ್ತಿರಬೇಕು. ಇಲ್ಲಿ ಮೂರೂ ಬೆರಳು ಚಪ್ಪಟೆ, ಒಂದೇ ಸಮ. ಇಡೀ ಪ್ಯಾಕೆಟ್‌ನಲ್ಲಿ ಇದೇ ಅತಿ ಕೆಟ್ಟದ್ದು.

ಸ್ಪೈನೋಸಾರಸ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಅಚ್ಚಿನ ವಯಸ್ಸು ಹೇಗೆ ಕಂಡುಹಿಡಿಯುವುದು ಅಂತ ಇದರಿಂದ ಕಲಿಯಬಹುದು. ಈಜಿಪ್ಟಿನಲ್ಲಿ ಸಿಕ್ಕ ಮೂಳೆಗಳನ್ನು ನೋಡಿ ಅರ್ನ್ಸ್ಟ್ ಸ್ಟ್ರೋಮರ್ ಎಂಬ ಜರ್ಮನ್ ವಿಜ್ಞಾನಿ 1915ರಲ್ಲಿ ಇದಕ್ಕೆ ಹೆಸರಿಟ್ಟರು. ಆ ಮೂಳೆಗಳು 1944ರಲ್ಲಿ ಮ್ಯೂನಿಕ್ ಮೇಲೆ ಬಾಂಬ್ ಬಿದ್ದಾಗ ಸುಟ್ಟುಹೋದವು. ಉಳಿದದ್ದು ಚಿತ್ರ ಮತ್ತು ಬರಹ ಮಾತ್ರ. ಹಾಗಾಗಿ ಎಷ್ಟೋ ವರ್ಷ ಎಲ್ಲರೂ ಅದನ್ನು ಬೆನ್ನ ಮೇಲೆ ಹಾಯಿಯಂಥ ಪಟ ಹೊತ್ತ ಟಿ-ರೆಕ್ಸ್‌ನಂತೆ ಮಾಡಿದರು, ಉದ್ದ ಕಾಲು, ಸಪೂರ ಬಾಲ. ಮೊರಾಕ್ಕೋದಲ್ಲಿ ಸಿಕ್ಕ ಹೊಸ ಮೂಳೆಗಳಿಂದ ಹಿಂಗಾಲು ತುಂಬಾ ಗಿಡ್ಡ ಅಂತ 2014ರಲ್ಲಿ ಗೊತ್ತಾಯಿತು. 2020ರಲ್ಲಿ ಬಾಲದ ವಿಷಯ ಬಂತು, ಅದು ದೋಣಿಯ ಹುಟ್ಟಿನಂತೆ ಅಗಲ. ಈಗ ಪ್ಯಾಕೆಟ್‌ನ ಗೊಂಬೆ ತೆಗೆದುಕೊಳ್ಳಿ. ಉದ್ದ ಕಾಲು, ಸಪೂರ ಬಾಲ. ಅಂದರೆ ಇದರ ಮೂಲ ರೂಪ 2014ಕ್ಕಿಂತ ಹಿಂದಿನದು. ವೆಲೋಸಿರಾಪ್ಟರ್ ನೋಡಿದರೆ 2007ಕ್ಕಿಂತ ಹಿಂದಿನ ತಿಳಿವಳಿಕೆ, ಟಿ-ರೆಕ್ಸ್ ಇನ್ನೂ ಹಿಂದಿನದು. ಗೊಂಬೆ ಹೋದ ವರ್ಷ ತಯಾರಾಗಿರಬಹುದು, ಆದರೆ ಅದರ ಮೈ ಅಜ್ಜನ ಕಾಲದ್ದು. ನನಗೆ ಇದು ಬೇಜಾರಿನ ವಿಷಯ ಅಲ್ಲ. ಒಂದೇ ಕವರಿನಲ್ಲಿ ಮೂರು ಕಾಲದ ವಿಜ್ಞಾನ ಸಿಕ್ಕಿತು, ಹುಡುಗನ ಮುಂದೆ ಸಾಲಾಗಿ ಇಟ್ಟು ಜನರ ತಿಳಿವಳಿಕೆ ಹೇಗೆ ಬದಲಾಯಿತು ಅಂತ ಹೇಳಿದೆ. ಪೂರ್ತಿ ಕೇಳಿದ.

ಸ್ಟೆಗೋಸಾರಸ್ ಪರವಾಗಿಲ್ಲ. ಬೆನ್ನ ಮೇಲಿನ ಹಲಗೆಗಳು ಎರಡು ಸಾಲಿನಲ್ಲಿ ಇವೆ, ಆದರೆ ಜೋಡಿ ಜೋಡಿಯಾಗಿ ಎದುರುಬದುರು ಕೂತಿವೆ. ನಿಜದಲ್ಲಿ ಅವು ಒಂದು ಆ ಕಡೆ, ಒಂದು ಈ ಕಡೆ, ಹಿಂದುಮುಂದಾಗಿ ಇದ್ದವು. ಬಾಲದ ನಾಲ್ಕು ಮುಳ್ಳುಗಳು ಲೆಕ್ಕಕ್ಕೆ ಸರಿ, ದಿಕ್ಕು ತಪ್ಪು. ಮೇಲಕ್ಕೆ ನಿಂತಿವೆ, ಪಕ್ಕಕ್ಕೆ ಚಾಚಬೇಕಿತ್ತು. ಆಂಕೈಲೋಸಾರಸ್ ಚೆನ್ನಾಗಿದೆ, ಬಾಲದ ತುದಿಯ ಗದೆ ಗಟ್ಟಿ, ಹೊಡೆದರೆ ನೋವಾಗುತ್ತದೆ, ಚಿಕ್ಕ ತಮ್ಮ-ತಂಗಿ ಇರುವ ಮನೆಯವರು ಗಮನಿಸಿ. ಪ್ಯಾರಾಸಾರೋಲೋಫಸ್‌ನ ತಲೆಯ ಹಿಂದಿನ ಕೊಂಬು ಸರಿಯಾದ ಉದ್ದ ಇದೆ. ಅದರೊಳಗೆ ಮೂಗಿನ ಪೊಳ್ಳು ಕೊಳವೆ ಹೋಗಿ ಮರಳಿ ಬರುತ್ತಿತ್ತು, ಕಹಳೆಯಂತೆ ಸದ್ದು ಮಾಡಲು ಅದು ನೆರವಾಗುತ್ತಿತ್ತು ಅಂತ ವಿಜ್ಞಾನಿಗಳು ಹೇಳುತ್ತಾರೆ. ಬಣ್ಣ ಮಾತ್ರ ಯಾಕೋ ಗುಲಾಬಿ.

ಉದ್ದ ಕುತ್ತಿಗೆಯದರ ಹೊಟ್ಟೆಯ ಮೇಲೆ ಬ್ರಾಕಿಯೋಸಾರಸ್ ಅಂತ ಅಚ್ಚಾಗಿದೆ. ಅದು ಬ್ರಾಕಿಯೋಸಾರಸ್ ಅಲ್ಲ. ಆ ಹೆಸರಿನ ಅರ್ಥವೇ ತೋಳಿನ ಹಲ್ಲಿ ಅಂತ, ಮುಂಗಾಲು ಹಿಂಗಾಲಿಗಿಂತ ಉದ್ದ ಇದ್ದುದಕ್ಕೆ ಬಂದ ಹೆಸರು. ಈ ಗೊಂಬೆಯಲ್ಲಿ ಮುಂಗಾಲು ಗಿಡ್ಡ, ಬೆನ್ನು ಮುಂದಕ್ಕೆ ಇಳಿದಿದೆ. ಪಾದ ನೋಡಿದರೆ ಪೂರ್ತಿ ಆನೆ, ಸುತ್ತ ಐದೈದು ಉಗುರು.

ಈ ಪಾದದ ವಿಷಯಕ್ಕೆ ಹೈದರಾಬಾದಿನ ಮಾತು ಹೇಳಲೇಬೇಕು. ಹೋದ ದಸರಾ ರಜೆಯಲ್ಲಿ ಅಕ್ಕ, ಭಾವ, ಹುಡುಗ, ನಾನು ರೈಲು ಹತ್ತಿ ಹೋಗಿದ್ದೆವು. ಬಿರ್ಲಾ ಮಂದಿರದ ಹತ್ತಿರ ಬಿರ್ಲಾ ವಿಜ್ಞಾನ ಮ್ಯೂಸಿಯಂ ಇದೆಯಲ್ಲ, ಅಲ್ಲಿ ಕೋಟಾಸಾರಸ್ ಎಂಬ ಡೈನೋಸಾರ್‌ನ ಅಸ್ಥಿಪಂಜರ ನಿಲ್ಲಿಸಿದ್ದಾರೆ. ತೆಲಂಗಾಣದ ಯಾಮನಪಲ್ಲಿ ಎಂಬ ಊರ ಹತ್ತಿರ ಸಿಕ್ಕದ್ದು, 1988ರಲ್ಲಿ ಹೆಸರಿಟ್ಟರು, ಊರಿನ ಹೆಸರೂ ಅದರ ಪೂರ್ತಿ ಹೆಸರಲ್ಲಿ ಸೇರಿದೆ. ಸುಮಾರು ಒಂಬತ್ತು ಮೀಟರ್. ಹುಡುಗ ಕಟಕಟೆ ಹಿಡಿದು ಕೂತು ಹತ್ತು ನಿಮಿಷ ಅದರ ಪಾದಗಳನ್ನೇ ನೋಡಿದ. ನಾನೂ ಪಕ್ಕದಲ್ಲಿ ಕೂತೆ. ಈ ಉದ್ದ ಕುತ್ತಿಗೆಯ ಪ್ರಾಣಿಗಳ ಮುಂಗಾಲಿನ ಮೂಳೆಗಳು ಕಂಬದ ಹಾಗೆ ನೆಟ್ಟಗೆ ನಿಂತಿರುತ್ತವೆ, ಆನೆಯಂಥ ಉಗುರಿನ ಸಾಲು ಅಲ್ಲಿ ಇರುವುದಿಲ್ಲ. ಬಹಳಷ್ಟಕ್ಕೆ ಮುಂಗಾಲಿನಲ್ಲಿ ಹೆಬ್ಬೆರಳಿಗೆ ಮಾತ್ರ ಒಂದು ಉಗುರು. ನಮ್ಮ ಊರಿಂದ ಕೆಲವೇ ತಾಸಿನ ದಾರಿಯಲ್ಲಿ ನಿಜವಾದ ಡೈನೋಸಾರ್ ಮೂಳೆ ಇದೆ ಅಂತ ನನಗೆ ಎಷ್ಟೋ ವರ್ಷ ಯಾರೂ ಹೇಳಿರಲಿಲ್ಲ. ಆಸ್ಪತ್ರೆಗೋ ಮದುವೆ ಬಟ್ಟೆಗೋ ಹೈದರಾಬಾದಿಗೆ ಹೋಗುವವರು ಅರ್ಧ ದಿನ ಉಳಿಸಿಕೊಂಡು ಮಕ್ಕಳಿಗೆ ಅದನ್ನು ತೋರಿಸಿ. ಅಲ್ಲಿಂದ ಬಂದ ಮೇಲೆ ಹುಡುಗ ಯಾವ ಗೊಂಬೆ ಸಿಕ್ಕರೂ ಮೊದಲು ತಿರುಗಿಸುತ್ತಾನೆ.

ಇನ್ನು ಟ್ರೈಸೆರಾಟಾಪ್ಸ್. ಇದಕ್ಕಾಗಿಯೇ ನಾನು ಈ ಪ್ಯಾಕೆಟ್ ಕೊಳ್ಳಿ ಅನ್ನುತ್ತೇನೆ. 12 ಸೆಂಟಿಮೀಟರ್, 71 ಗ್ರಾಂ. ಮುಂಗಾಲಿನಲ್ಲಿ ಐದು ಬೆರಳು, ಅದರಲ್ಲಿ ಒಳಗಿನ ಮೂರಕ್ಕೆ ಮಾತ್ರ ಗೊರಸು, ಹೊರಗಿನ ಎರಡು ಬರೀ ಗುಬಟು. ಹಿಂಗಾಲಿನಲ್ಲಿ ನಾಲ್ಕು. ಮೂಳೆಯಲ್ಲಿ ಇರುವುದು ಹೀಗೆಯೇ! ರಾತ್ರಿ ಹನ್ನೊಂದಕ್ಕೆ ಟೇಬಲ್ ಲ್ಯಾಂಪ್ ಕೆಳಗೆ ಇದನ್ನು ನೋಡಿ ನಾನು ಎದ್ದು ಹೋಗಿ ಭೂತಗನ್ನಡಿ ತಂದೆ. 350 ರೂಪಾಯಿಗೆ ಹನ್ನೆರಡು ಅಂದರೆ ಒಂದಕ್ಕೆ 29 ರೂಪಾಯಿ ಬೀಳುತ್ತದೆ, 29 ರೂಪಾಯಿಯ ಗೊಂಬೆಗೆ ಗೊರಸಿನ ಲೆಕ್ಕ ಸರಿ ಇದೆ ಅಂದರೆ ಯಾರೋ ಒಬ್ಬರು ಎಲ್ಲೋ ಕೂತು ಮನಸ್ಸಿಟ್ಟು ಮಾಡಿದ್ದಾರೆ. ಬಹುಶಃ ಯಾವುದೋ ಒಳ್ಳೆಯ ಕಂಪನಿಯ ಗೊಂಬೆಯಿಂದ ಅಚ್ಚು ತೆಗೆದಿರಬಹುದು, ಈ ಧಂದೆಯಲ್ಲಿ ಅದು ನಡೆಯುತ್ತದೆ, ಅಚ್ಚಿನಿಂದ ಅಚ್ಚು ತೆಗೆದಂತೆ ಚರ್ಮದ ಗೆರೆಗಳು ಸವೆಯುತ್ತವೆ, ಇಲ್ಲಿಯೂ ಕುತ್ತಿಗೆಯ ಗುರಾಣಿ ಸ್ವಲ್ಪ ನುಣ್ಣಗಾಗಿದೆ. ಆದರೂ ಕಾಲು ಉಳಿದಿದೆ.

ಉಳಿದವುಗಳಲ್ಲಿ ಮೂರು ಡೈನೋಸಾರ್‌ಗಳೇ ಅಲ್ಲ, ಇದನ್ನು ಮಕ್ಕಳಿಗೆ ಹೇಳಲೇಬೇಕು. ಟೆರನೋಡಾನ್ ಹಾರುವ ಸರೀಸೃಪ. ಅದರ ಹೆಸರಿನ ಅರ್ಥ ರೆಕ್ಕೆ ಇರುವ, ಹಲ್ಲಿಲ್ಲದ ಪ್ರಾಣಿ ಅಂತ, ಗೊಂಬೆಗೆ ಬಾಯಿ ತುಂಬ ಹಲ್ಲು. ರೆಕ್ಕೆಯಲ್ಲಿ ಬಾವಲಿಯಂತೆ ನಾಲ್ಕಾರು ಕಡ್ಡಿ, ನಿಜದಲ್ಲಿ ಒಂದೇ ಒಂದು ಉದ್ದದ ನಾಲ್ಕನೇ ಬೆರಳು ಇಡೀ ರೆಕ್ಕೆಯನ್ನು ಹಿಡಿದಿತ್ತು. ಡೈಮೆಟ್ರೋಡಾನ್, ಬೆನ್ನ ಮೇಲೆ ಪಟ ಇರುವ ನಾಲ್ಕು ಕಾಲಿನದು, ಡೈನೋಸಾರ್‌ಗಳು ಬರುವ ಕೋಟಿಗಟ್ಟಲೆ ವರ್ಷ ಮೊದಲೇ ಹೋಗಿಬಿಟ್ಟಿತ್ತು. ಸಂಬಂಧ ನೋಡಿದರೆ ಅದು ಹಲ್ಲಿಗಿಂತ ನಮಗೇ ಹತ್ತಿರ. ಮ್ಯಾಮತ್ ಅಂತೂ ಆನೆಯ ಬಳಗ, ಮನುಷ್ಯರು ಅದನ್ನು ಕಣ್ಣಾರೆ ನೋಡಿ ಗುಹೆಯ ಗೋಡೆಯಲ್ಲಿ ಚಿತ್ರ ಬರೆದಿದ್ದಾರೆ. ಕವರಿನ ಮೇಲೆ ಎಲ್ಲಕ್ಕೂ ಡೈನೋಸಾರ್ ಅಂತಲೇ ಇದೆ. ಗೊಂಬೆಯಾಗಿ ನೋಡಿದರೆ ಡೈಮೆಟ್ರೋಡಾನ್ ಚೆಂದ, ಮ್ಯಾಮತ್‌ನ ಕೂದಲು ಉಣ್ಣೆಯಂತೆ ಕಾಣುತ್ತದೆ, ಟೆರನೋಡಾನ್ ಕೊಡದಿದ್ದರೂ ನಡೆಯುತ್ತಿತ್ತು.

ಹೆಚ್ಚು ದುಡ್ಡು ಕೊಟ್ಟರೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲವೇ ಅಂತ ಕೇಳುವವರಿಗೆ: ಸಿಗುತ್ತದೆ. ಜರ್ಮನಿಯ ಶ್ಲೈಕ್, ಫ್ರಾನ್ಸಿನ ಪಾಪೋ, ಅಮೆರಿಕದ ಸಫಾರಿ, ಚೀನಾದ ಪಿಎನ್‌ಎಸ್‌ಓ ಇವೆಲ್ಲ ಈ ಲೋಕದಲ್ಲಿ ಹೆಸರಾದವು. ಸಫಾರಿಯವರು ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮ್ಯೂಸಿಯಂ ಜೊತೆ ಸೇರಿ 1988ರಿಂದ 2015ರವರೆಗೆ ಒಂದು ಸಾಲು ತಂದಿದ್ದರು, ನಲವತ್ತರಲ್ಲಿ ಒಂದು ಪಾಲಿನ ಅಳತೆ ಇಟ್ಟುಕೊಂಡು. ಅದರಿಂದಾಗಿ ಎಷ್ಟೋ ಜನ ಕೂಡಿಸುವ ಹವ್ಯಾಸಕ್ಕೆ ಬಂದರು. ಆದರೆ ಕಲಬುರಗಿಯ ಅಂಗಡಿಗಳಲ್ಲಿ ನನಗೆ ಇವು ಸಿಕ್ಕಿಲ್ಲ, ತರಿಸಬೇಕು. ಹೊರದೇಶದ ಆಟಿಕೆ ಮೇಲೆ ಸರ್ಕಾರ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಹೀಗಾಗಿ ಒಂದು ಗೊಂಬೆಗೆ ಸಾವಿರ, ಎರಡು ಸಾವಿರ ಕೊಡಬೇಕಾಗುತ್ತದೆ. ಏಳು ವರ್ಷದ ಮಗು ಮಣ್ಣಿನಲ್ಲಿ ಹೂಳಿ ಆಡಲಿಕ್ಕೆ ಅಷ್ಟು ದುಡ್ಡು ಬೇಡ. ನನ್ನ ಕಪಾಟಿಗೆ ವರ್ಷಕ್ಕೆ ಒಂದೋ ಎರಡೋ ತರಿಸುತ್ತೇನೆ, ದೀಪಾವಳಿ ಬೋನಸ್ ಬಂದಾಗ.

ಅಂಥದ್ದೊಂದು ದುಬಾರಿ ಗೊಂಬೆಯಿಂದ ಕಲಿತ ಪಾಠ ಹೇಳುತ್ತೇನೆ, ಈ ಪ್ಯಾಕೆಟ್‌ಗೂ ಅನ್ವಯಿಸುತ್ತದೆ. ಎರಡು ವರ್ಷದ ಹಿಂದೆ ಒಂದು ದೊಡ್ಡ ಎರಡು ಕಾಲಿನ ಮಾಂಸಾಹಾರಿಯನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಡಬ್ಬಿಯಲ್ಲಿ ಹತ್ತಿ ಇಲ್ಲ, ಕಾಗದ ಇಲ್ಲ, ಬಾಲ ಮಡಚಿ ತುರುಕಿ ಕಳಿಸಿದ್ದರು. ಬದಲಿಸಿ ಕೊಡಿ ಅಂದರೆ ಮಾರಿದವರು ಫೋಟೋ ಕೇಳಿದರು, ಫೋಟೋ ಕಳಿಸಿದ ಮೇಲೆ ಸುಮ್ಮನಾದರು. ಆ ಬಾಲವನ್ನು ಕೊನೆಗೆ ನಾನೇ ನೆಟ್ಟಗೆ ಮಾಡಿದೆ. ಆಮೇಲೆ ಮೇ ತಿಂಗಳು ಬಂತು. ನಮ್ಮ ಊರ ಬಿಸಿಲು ನಿಮಗೆ ಗೊತ್ತು, 42-43 ಡಿಗ್ರಿ ಅಂದರೆ ಇಲ್ಲಿ ಮಾಮೂಲು. ತಗಡಿನ ಮಾಡಿನ ಕೋಣೆಯಲ್ಲಿ ಕಪಾಟು ಇಟ್ಟಿದ್ದೆ, ಒಂದು ವಾರದಲ್ಲಿ ಅದರ ಎರಡೂ ಮೊಳಕಾಲು ಬಾಗಿ ಮೂತಿ ಕೆಳಗೆ ಬಿತ್ತು. ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ, ಭಾರ ಎಲ್ಲ ಎರಡು ಕಾಲಿನ ಮೇಲೆ ಇದ್ದರೆ ನಿಧಾನಕ್ಕೆ ವಾಲುತ್ತದೆ. ಸರಿ ಮಾಡುವ ದಾರಿ ಇದೆ. ನೀರು ಕಾಯಿಸಿ ಒಲೆಯಿಂದ ಇಳಿಸಿ, ಬಾಗಿದ ಕಾಲನ್ನು ಅರ್ಧ-ಒಂದು ನಿಮಿಷ ಅದರಲ್ಲಿ ಮುಳುಗಿಸಿ, ಬಟ್ಟೆಯಲ್ಲಿ ಹಿಡಿದು ಬೇಕಾದಂತೆ ತಿದ್ದಿ, ಹಾಗೇ ಹಿಡಿದುಕೊಂಡು ತಣ್ಣೀರಿಗೆ ಅದ್ದಿ. ಗಡಿಗೆಯ ನೀರಾದರೆ ಇನ್ನೂ ಒಳ್ಳೆಯದು. ತಣ್ಣಗಾದ ಮೇಲೆ ಹಾಗೇ ನಿಲ್ಲುತ್ತದೆ. ಇದು ದೊಡ್ಡವರು ಮಾಡುವ ಕೆಲಸ, ಮಕ್ಕಳ ಕೈಗೆ ಬಿಸಿನೀರು ಕೊಡಬೇಡಿ. ಈ ಪ್ಯಾಕೆಟ್‌ನ ಸ್ಪೈನೋಸಾರಸ್ ಕವರಿನೊಳಗೇ ವಾಲಿತ್ತು, ಹೀಗೇ ಎರಡು ಸಲ ಮಾಡಿದೆ, ಈಗ ನೆಟ್ಟಗಿದೆ. ಬೇಸಿಗೆಯಲ್ಲಿ ನಾನು ಎರಡು ಕಾಲಿನವನ್ನೆಲ್ಲ ಕೆಳಗಿನ ಕೋಣೆಗೆ ತಂದು ಶಹಾಬಾದ್ ಪರಸಿಯ ಮೇಲೆ ಮಲಗಿಸುತ್ತೇನೆ, ಅಲ್ಲಿ ತಂಪು ಇರುತ್ತದೆ. ಆ ಪರಸಿ ಕಲ್ಲು ಡೈನೋಸಾರ್‌ಗಿಂತ ಎಷ್ಟೋ ಹಳೆಯದು. ನಮ್ಮ ಹೊಲದ ಕರಿಮಣ್ಣು ಮಾತ್ರ ಡೈನೋಸಾರ್‌ಗಳ ಕೊನೆಗಾಲದಲ್ಲಿ, ಸುಮಾರು 6.6 ಕೋಟಿ ವರ್ಷದ ಹಿಂದೆ, ದಖ್ಖನಿನ ಮೇಲೆ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದು ಆದದ್ದು. ತೊಗರಿ ಲೆಕ್ಕ ಬರೆಯುವಾಗ ಇದು ಎಷ್ಟೋ ಸಲ ನೆನಪಾಗುತ್ತದೆ.

ಅಂಗಡಿಯ ಬಗ್ಗೆ. ಕಾಕಾಗೆ ಡೈನೋಸಾರ್ ಹೆಸರು ಒಂದೂ ಗೊತ್ತಿಲ್ಲ, ಉದ್ದ ಕುತ್ತಿಗೆದು, ಕೊಂಬಿಂದು, ಹಲ್ಲಿಂದು ಅಂತ ಕರೆಯುತ್ತಾರೆ. ಮೊದಲ ಸಲ ನಾನು ಪ್ಯಾಕೆಟ್ ಬಿಚ್ಚಿ ನೋಡಬಹುದಾ ಅಂದಾಗ, "ಎಲ್ಲಾ ಒಂದ ಮಾಲ್ ಅದರಿ, ಬಿಚ್ಚಿದ್ರ ಮತ್ತ ಯಾರ್ ತಗೋತಾರ್ರಿ?" ಅಂದರು. ನ್ಯಾಯವಾದ ಮಾತು. "ಬಿಚ್ಚಿದ್ದನ್ನ ನಾನೇ ತಗೋತೀನ್ರಿ ಕಾಕಾ" ಅಂದ ಮೇಲೆ ಗಲ್ಲಾಪೆಟ್ಟಿಗೆ ಪಕ್ಕ ಪೇಪರ್ ಹಾಸಿ ಎಲ್ಲವನ್ನೂ ಸುರಿದು ಕೊಟ್ಟರು. ಆಂಕೈಲೋಸಾರಸ್‌ನ ಒಂದು ಕಾಲು ಅಚ್ಚಿನಲ್ಲೇ ಅರ್ಧ ಬಂದಿತ್ತು. ನಾನು ತೋರಿಸಿದ ಕೂಡಲೇ ಬೇರೆ ಪ್ಯಾಕೆಟ್ ಬಿಚ್ಚಿ ಸರಿ ಇರುವುದನ್ನು ಹಾಕಿದರು, ಒಂದು ಮಾತೂ ಆಡಲಿಲ್ಲ. ಅಂಗಡಿಯಲ್ಲಿ ಎಲ್ಲವನ್ನೂ ಕೈಯಾರೆ ಮುಟ್ಟಿ, ತಿರುಗಿಸಿ, ಮೂಸಿ ನೋಡಿ ಕೊಳ್ಳಬಹುದು. ಆನ್‌ಲೈನ್‌ನಲ್ಲಿ ಬರೀ ಬಾಯಿಯ ಫೋಟೋ ಹಾಕಿರುತ್ತಾರೆ. 400 ಹೇಳಿದ್ದರು, 350ಕ್ಕೆ ಬಂದರು. ಸಂಜೆ ಹೊತ್ತು ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಫೋನ್‌ಪೇ ನಡೆಯುತ್ತದೆ. ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ, ಕೇಳಿ.

ಅಂಗಡಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಪ್ಯಾಕೆಟ್‌ಗೆ ಮೂರು. ಟ್ರೈಸೆರಾಟಾಪ್ಸ್ ಒಂದಕ್ಕೇ ಕೇಳಿದರೆ ಐದಕ್ಕೆ ಐದು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಬೇಡ, ಸ್ಟೆಗೋಸಾರಸ್‌ನ ಬಾಲದ ಮುಳ್ಳು ಚುಚ್ಚುತ್ತದೆ.

ಹನ್ನೊಂದರ ಬಗ್ಗೆ ಹೇಳಿದೆ, ಹನ್ನೆರಡನೆಯದು ಉಳಿಯಿತು. ಅದರ ಹೊಟ್ಟೆಯ ಮೇಲೆ ಹೆಸರೇ ಇಲ್ಲ. ಎರಡು ಕಾಲು, 13 ಸೆಂಟಿಮೀಟರ್, ಬೂದು ಬಣ್ಣ, ಗಿಡ್ಡ ಮೂತಿ, ಹಣೆಯ ಮೇಲೆ ಅಚ್ಚಿನ ತಪ್ಪೋ ಏನೋ ಒಂದು ಗುಬಟು. ಎರಡು ರಾತ್ರಿ ನೋಡಿದರೂ ಇದು ಇಂಥದ್ದೇ ಅನ್ನಲು ಆಗಲಿಲ್ಲ. ಹುಡುಗ ಕೈಗೆ ತೆಗೆದುಕೊಂಡ ಕೂಡಲೇ, "ಮಾಮಾ, ಇದು ರಾಜಾಸಾರಸ್ ಅದ" ಅಂದ. ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕ, 2003ರಲ್ಲಿ ಹೆಸರಿಟ್ಟ ನಮ್ಮ ದೇಶದ ಮಾಂಸಾಹಾರಿ, ಹಣೆಯ ಮೇಲೆ ಒಂದೇ ಒಂದು ಗಿಡ್ಡ ಕೊಂಬು ಇದ್ದದ್ದು. ನಾನೇ ಅವನಿಗೆ ಚಿತ್ರ ತೋರಿಸಿದ್ದೆ, ಮರೆತಿದ್ದೆ. ಕೈ ಮಾತ್ರ ಉದ್ದ ಇತ್ತು, ಆ ಬಳಗದವುಗಳ ಕೈ ಟಿ-ರೆಕ್ಸ್‌ಗಿಂತಲೂ ಗಿಡ್ಡ. ಭಾನುವಾರ ಬ್ಲೇಡಿನಿಂದ ಎರಡೂ ಕೈ ಮೊಂಡು ಮಾಡಿದೆ, ಹಣೆಗೆ ಚಿಟಿಕೆ ಎಂ-ಸೀಲ್ ಕಲಸಿ ಹಚ್ಚಿ ಕೊಂಬು ಕೂರಿಸಿದೆವು. ಅವನು ಬೆಂಕಿಕಡ್ಡಿ ತೆಗೆದುಕೊಂಡು ಅದರ ಮೇಲೆ ಗೆರೆ ಎಳೆದ. ರಾತ್ರಿ ಒಣಗಲು ಕಿಟಕಿಯಲ್ಲಿ ಇಟ್ಟಿದ್ದೆವು. ಸೋಮವಾರ ಸಾಲಿ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಓಡಿ ಬಂದು ಕೊಂಬು ಮುಟ್ಟಿ ನೋಡಿದ, ಗಟ್ಟಿ ಆಗಿತ್ತು. ಸಂಜೆ ಬಂದು ಕಂದು ಬಣ್ಣ ಹಚ್ಚುತ್ತೇನೆ, ಅಲ್ಲಿವರೆಗೆ ಯಾರೂ ಮುಟ್ಟಬೇಡಿ ಅಂತ ಹೇಳಿ ಹೋದ.